ನಮ್ಮ ಹಿತ್ತಲ ಬೇಗಂ ಮತ್ತು ಬಳಗ

ನೀವು ಯಾವತ್ತಾದರೂ ಬೈಲಹೊಂಗಲದ ನಮ್ಮ ಮನೆಗೆ ಬಂದರೆ ಮೊದಲು ನಿಮ್ಮನ್ನು ಮಾತನಾಡಿಸುವುದು ನಾನಲ್ಲ. ನಾನು ದುಪಟ್ಟಾ ಸರಿಪಡಿಸಿಕೊಂಡು ಬಾಗಿಲು ತೆಗೆಯುವುದರೊಳಗೆ ಹಿತ್ತಲಿನಿಂದ ಒಂದು ಕೂಗು ಕೇಳಿಸುತ್ತದೆ. ಆ ಕೂಗಿನ ಒಡೆಯ ಒಂದು ಗೇಣಿಗಿಂತ ಸ್ವಲ್ಪ ಎತ್ತರ ಇದ್ದಾನೆ ಅಷ್ಟೆ. ಆದರೆ ಗಂಟಲು ಮಾತ್ರ ನಾಲ್ಕು ಓಣಿಗೆ ಸಾಕಾಗುವಷ್ಟಿದೆ. ಬಂದವರಿಗೆ ಮನೆಮಂದಿಯ ಪರಿಚಯ ಮಾಡಿಕೊಡುವುದು ನಮ್ಮಲ್ಲಿ ವಾಡಿಕೆ. ನಮ್ಮ ಮನೆಯಲ್ಲಿ ಆ ಪರಿಚಯ ಹಿತ್ತಲಲ್ಲಿ ಮುಗಿಯುತ್ತದೆ. ಇವತ್ತು ನಿಮ್ಮನ್ನು ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಇವು ನೀವು ತಿಳಿದಿರುವ ಜವಾರಿ ಕೋಳಿಗಳಲ್ಲ, ಫಾರ್ಮಿನ ಬಿಳಿ ಕೋಳಿಗಳೂ ಅಲ್ಲ. ಜನ ಇವಕ್ಕೆ ‘ಫ್ಯಾನ್ಸಿ ಕೋಳಿ’ ಎನ್ನುತ್ತಾರೆ. ತಿಳಿದವರು ‘ಬ್ಯಾಂಟಮ್’ ಎನ್ನುತ್ತಾರೆ. ಜಾವಾ ದ್ವೀಪದಲ್ಲಿ ಬ್ಯಾಂಟೆನ್ ಎಂಬ ಹಳೆಯ ಬಂದರು ಇದೆ. ಯುರೋಪಿನ ನಾವಿಕರು ಅಲ್ಲಿಂದ ಈ ಗಿಡ್ಡ ಕೋಳಿಗಳನ್ನು ಹಡಗಿನಲ್ಲಿ ಒಯ್ಯುತ್ತಿದ್ದರಂತೆ, ಹೆಸರು ಹಾಗೆಯೇ ಉಳಿಯಿತು. ನೋಡಲು ಚೆಂದ, ಹೊಟ್ಟೆಗೆ ಲಾಭ ಇಲ್ಲ. ನಮ್ಮ ಬೇಗಂಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 700 ಗ್ರಾಂ ಬಂತು. ಅವಳ ತತ್ತಿಯೋ ಅಂಗೈಯಲ್ಲಿ ಕಳೆದುಹೋಗುವಷ್ಟು. ನನ್ನ ಅತ್ತೆ ಮೊದಲ ದಿನವೇ ಹೇಳಿದ್ದರು: “ಇವು ಕೋಳಿ ಅಲ್ಲಾ ಬೇಟಿ, ಖಿಲೌನಾ.”

ಇನ್ನೊಂದು ಮಾತು. ಕೋಳಿಗೆ ‘ಅವಳು’, ‘ಅವನು’ ಎಂದು ಬರೆಯುತ್ತಿದ್ದೇನೆ, ವ್ಯಾಕರಣದ ತಪ್ಪು ಹಿಡಿಯಬೇಡಿ. ಶಾಲೆಯಲ್ಲಿ ಮಕ್ಕಳು ಹೀಗೆ ಬರೆದರೆ ನಾನೂ ಕೆಂಪು ಶಾಯಿಯಲ್ಲಿ ಗೀಟು ಎಳೆಯುವವಳೇ. ಆದರೆ ಹೆಸರಿಟ್ಟ ಮೇಲೆ ‘ಅದು’ ಎನ್ನಲು ಬಾಯಿ ಬರುವುದಿಲ್ಲ.

ಬೇಗಂ ಬಂದದ್ದು ಕಿತ್ತೂರಿನಿಂದ. ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟಿದೆ. ಅವಳ ಗಂಡನಿಗೆ ಪಾರಿವಾಳ, ಕೋಳಿ ಎಂದರೆ ಹುಚ್ಚು. ಒಂದು ಈದ್‌ಗೆ ಹೋದಾಗ ನನ್ನ ಮಗಳು ಅವರ ಗೂಡಿನ ಮುಂದೆ ಕುಳಿತವಳು ಊಟಕ್ಕೂ ಏಳಲಿಲ್ಲ. ಕಿತ್ತೂರಿನ ಕೋಟೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಮ್ಮವಳಿಗೆ ಕೋಟೆಯೂ ಬೇಡ, ಚೆನ್ನಮ್ಮನ ಅರಮನೆಯೂ ಬೇಡ. ಬರುವಾಗ ರಟ್ಟಿನ ಡಬ್ಬಿಗೆ ತೂತು ಮಾಡಿ ಒಂದು ಜೋಡಿಯನ್ನು ಅವಳ ತೊಡೆಯ ಮೇಲಿಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಡಬ್ಬಿಯೊಳಗಿನಿಂದ ಗೊಣಗಾಟ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದರು.

ಬೇಗಂ ಬಿಳಿ ಬೂದಿ ಬಣ್ಣದವಳು. ಅವಳ ಕಾಲಿನ ಬೆರಳುಗಳ ತನಕ ಪುಕ್ಕ ಇದೆ. ನಡೆದರೆ ಶರಾರಾ ತೊಟ್ಟ ಮದುಮಗಳು ಅಂಗಳ ದಾಟಿದಂತೆ. ಮಳೆಗಾಲದಲ್ಲಿ ಆ ಪುಕ್ಕವೆಲ್ಲ ಕೆಸರು. ನಮ್ಮ ಯರೆ ಮಣ್ಣು ನಿಮಗೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡದು. ಉಗುರು ಬೆಚ್ಚನೆಯ ನೀರಿನಲ್ಲಿ ಅವಳ ಕಾಲು ತೊಳೆದು ಹಳೇ ಟವೆಲ್ಲಿನಿಂದ ಒರೆಸುವುದು ಮಗಳ ಕೆಲಸ. ತನ್ನ ಸ್ವಂತ ಚಪ್ಪಲಿಯನ್ನು ಅವಳು ಹಾಗೆ ಒರೆಸಿದ್ದು ನಾನು ಕಂಡಿಲ್ಲ.

ಅವಳ ಜೋಡಿಯೇ ನಾನು ಮೊದಲು ಹೇಳಿದ ಗಂಟಲಿನ ಒಡೆಯ. ಮಗ ಅವನಿಗೆ ‘ಮುಅದ್ದಿನ್’ ಎಂದು ಹೆಸರಿಡಲು ಹೊರಟಿದ್ದ. ನಾನು ಒಪ್ಪಲಿಲ್ಲ, ತಮಾಷೆಗೂ ಒಂದು ಎಲ್ಲೆ ಇರಬೇಕು. ಕೊನೆಗೆ ಅತ್ತೆ ‘ಗಡ್ಯಾಳ’ ಎಂದರು, ಅದೇ ನಿಂತಿತು. ಸಮಯ ತಪ್ಪುವ ಗಡ್ಯಾಳ ಎನ್ನಬೇಕು. ಫಜ್ರ್‌ಗೆ ಮೊದಲು ಒಮ್ಮೆ ಕೂಗುತ್ತಾನೆ ಸರಿ, ರಾತ್ರಿ ಎರಡು ಗಂಟೆಗೆ ಯಾರಾದರೂ ಬಚ್ಚಲ ದೀಪ ಹಾಕಿದರೂ ಕೂಗುತ್ತಾನೆ. ಹುಂಜ ಬೆಳಕು ಕಂಡು ಕೂಗುತ್ತದೆಂದೇ ನಾವೆಲ್ಲ ತಿಳಿದಿದ್ದೆವು. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಂಜಗಳನ್ನು ಸದಾ ಮಂದ ಬೆಳಕಿನಲ್ಲಿಟ್ಟು ನೋಡಿದರು. ಹೊರಗೆ ಬೆಳಗಾದದ್ದು ತಿಳಿಯದಿದ್ದರೂ ಅವು ಬೆಳಗಿನ ಹೊತ್ತಿಗೇ ಕೂಗಿದವು. ಗಡಿಯಾರ ಅವುಗಳ ಒಳಗೇ ಇದೆ. ಹುಂಜದ ಕೂಗು ಕೇಳಿದಾಗ ಅಲ್ಲಾಹನ ಅನುಗ್ರಹ ಬೇಡಬೇಕೆಂದೂ, ನಮಾಝಿಗೆ ಎಬ್ಬಿಸುವ ಹುಂಜವನ್ನು ಬಯ್ಯಬಾರದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದು ಹದೀಸ್‌ಗಳಲ್ಲಿದೆ. ರಾತ್ರಿ ಎರಡು ಗಂಟೆಯ ಕೂಗಿಗೆ ನಾನು ಬಯ್ಯುವುದಿಲ್ಲ, ತಹಜ್ಜುದ್‌ಗೆ ಏಳುತ್ತೇನೆ ಎಂದು ಹೇಳಿಕೊಳ್ಳಲು ಆಸೆ. ಹೆಚ್ಚಿನ ದಿನ ಮಗ್ಗಲು ಬದಲಿಸುತ್ತೇನೆ, ಅಷ್ಟೆ.

ಗಡ್ಯಾಳನ ಒಂದು ಗುಣ ಹೇಳಲೇಬೇಕು. ಹುಳವೋ ಕಾಳೋ ಸಿಕ್ಕರೆ ತಾನು ತಿನ್ನುವುದಿಲ್ಲ. ಅದನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ಕುಟುಕುಟು ಎಂದು ಹೇಂಟೆಗಳನ್ನು ಕರೆಯುತ್ತಾನೆ. ಅವು ಬಂದು ತಿಂದ ಮೇಲೆ ಉಳಿದರೆ ತನಗೆ. ನಮ್ಮ ಮನೆಯವರು ಇದನ್ನು ನೋಡುತ್ತಾ ನಿಂತಿದ್ದಾಗ ಅತ್ತೆ ಸುಮ್ಮನೆ ನನ್ನ ಕಡೆ ನೋಡಿ ನಕ್ಕರು.

ಚೌಧರಾಣಿ ನಮ್ಮಲ್ಲೇ ಹುಟ್ಟಿದವಳು, ಬೇಗಂಳ ಮೊದಲ ಸೂಲಿನ ಮಗಳು. ಕಪ್ಪು ಮೈಮೇಲೆ ಬಿಳಿ ಚುಕ್ಕೆ. ಹಿತ್ತಲಿನ ಆಡಳಿತ ಇವಳದು. ನುಚ್ಚು ಹಾಕಿದರೆ ಮೊದಲ ಕೊಕ್ಕು ಇವಳದು, ದರಬಾದ ಒಳಗೆ ಮೇಲಿನ ಕೋಲೂ ಇವಳದೇ. ಹೆತ್ತ ತಾಯಿಯೂ ಇವಳ ಎದುರು ಪಕ್ಕಕ್ಕೆ ಸರಿಯುತ್ತಾಳೆ. ನಾರ್ವೆ ದೇಶದ ಶೆಲ್ಡರಪ್-ಎಬ್ಬೆ ಎಂಬವರು ಚಿಕ್ಕಂದಿನಿಂದಲೇ ಕೋಳಿಗಳನ್ನು ನೋಡುತ್ತಾ ಬೆಳೆದವರು. ಯಾರು ಯಾರಿಗೆ ಕುಕ್ಕಬಹುದು, ಯಾರು ಸುಮ್ಮನೆ ಕುಕ್ಕಿಸಿಕೊಳ್ಳಬೇಕು ಎಂಬುದಕ್ಕೆ ಕೋಳಿಗಳಲ್ಲಿ ಕಟ್ಟುನಿಟ್ಟಾದ ಸಾಲು ಇರುತ್ತದೆಂದು 1921ರ ಸುಮಾರಿಗೆ ಬರೆದರು. ಕೂಡು ಕುಟುಂಬದಲ್ಲಿ ಬಾಳಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ತಿಳಿಯಲು ನಾರ್ವೆಯ ತನಕ ಹೋಗಬೇಕಿರಲಿಲ್ಲ.

ಆ ಸಾಲಿನ ಕೊನೆಯವಳು ಶಹಜಾದಿ. ಮರಿಯಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಒಂದು ಕಾಲು ಸೊಟ್ಟಗಾಗಿದೆ. ಓಣಿಯ ಹುಡುಗರು ‘ಲಂಗಡಿ’ ಎಂದು ಕರೆದರು. ಕೆಟ್ಟ ಅಡ್ಡಹೆಸರಿನಿಂದ ಕರೆಯಬೇಡಿ ಎಂಬ ಕುರ್‌ಆನ್‌ನ ಆದೇಶ ಮನುಷ್ಯರ ಕುರಿತದ್ದು, ನಿಜ. ಆದರೂ ಹುಡುಗರ ನಾಲಿಗೆ ಪಳಗುವುದು ಇಂಥಲ್ಲೇ ಅಲ್ಲವೇ? ಮಗಳು ಅವಳಿಗೆ ಶಹಜಾದಿ ಎಂದಳು. ಈಗ ಓಣಿಯ ಹುಡುಗರೆಲ್ಲ ಹಾಗೆಯೇ ಕರೆಯುತ್ತಾರೆ. ಅವಳಿಗೆ ಪ್ರತ್ಯೇಕ ತಟ್ಟೆ.

ಹೊಳೆಬಾಯಿ ಫ್ಯಾನ್ಸಿ ಜಾತಿಯವಳಲ್ಲ, ಅಪ್ಪಟ ಜವಾರಿ. ಬ್ಯಾಂಟಮ್‌ಗಳ ನಡುವೆ ಆನೆಯಂತೆ ಕಾಣುತ್ತಾಳೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆಲ್ಲ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಅಲ್ಲಿ ನನ್ನ ನಾದಿನಿಯ ಮನೆ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ನೀರು ಪಾಲಾಯಿತು. ನೀರು ಇಳಿದ ಮೇಲೆ ನಮ್ಮವರು ಅಕ್ಕಿ, ಬಟ್ಟೆ ಹೊತ್ತುಕೊಂಡು ಹೋದರು. ಬರುವಾಗ ಕೈಚೀಲದಲ್ಲಿ ಒಂದು ಮರಿ. ಬೇವಿನ ಗಿಡದ ಟೊಂಗೆಯ ಮೇಲೆ ಒದ್ದೆಯಾಗಿ ಕುಳಿತಿತ್ತಂತೆ. ತಾಯಿಯೂ ಇಲ್ಲ, ಉಳಿದ ಮರಿಗಳೂ ಇಲ್ಲ. “ನಮಗ ಕೂಡಾಕ ಜಾಗಾ ಇಲ್ಲ ಭಾಭಿ, ಇದನ್ನ ನೀವ ಇಟಗೋರಿ” ಎಂದು ನಾದಿನಿ ಹೇಳಿ ಕಳಿಸಿದ್ದಳು. ಈಗ ಅವಳಿಗೆ ವಯಸ್ಸಾಗಿದೆ, ತತ್ತಿ ಇಡುವುದು ಅಪರೂಪ. ಮಳೆ ಜೋರಾದರೆ ಇವತ್ತಿಗೂ ದರಬಾದೊಳಗೆ ಹೋಗುವುದಿಲ್ಲ, ನುಗ್ಗೆ ಗಿಡ ಹತ್ತಿ ಕೂರುತ್ತಾಳೆ. ಬಡಿಗೆಯಿಂದ ಇಳಿಸಲು ಹೋಗಿ ನಾವೇ ತೊಯ್ದು ಬರುತ್ತೇವೆ.

“ಇಷ್ಟೆಲ್ಲ ಹೆಸರಿಟ್ಟು ಸಾಕುತ್ತೀರಲ್ಲ, ತಿನ್ನುವುದಿಲ್ಲವೇ?” ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಹಲಾಲ್ ಆದುದನ್ನು ನಾನು ಹರಾಮ್ ಮಾಡಲಾರೆ. ಪ್ರವಾದಿವರ್ಯರು(ಸ) ಕೋಳಿ ಮಾಂಸ ಸೇವಿಸಿದ್ದನ್ನು ಅಬೂ ಮೂಸಾ ಅಲ್ ಅಶ್‌ಅರೀ(ರ) ವರದಿ ಮಾಡಿದ್ದಾರೆ. ಹುಂಜಗಳು ಹೆಚ್ಚಾದರೆ ಕಾದಾಡಿ ನೆತ್ತರು ಹರಿಸುತ್ತವೆ, ಅಂಥವನ್ನು ಝಬಹ್ ಮಾಡಿಸುತ್ತೇವೆ. ಚಾಕು ಹರಿತವಾಗಿರಬೇಕು, ಮತ್ತೊಂದು ಕೋಳಿಯ ಕಣ್ಣೆದುರು ಕೂಡದು. ಮಕ್ಕಳು ತಾವೇ ಒಂದು ಕಾನೂನು ಮಾಡಿಕೊಂಡಿದ್ದಾರೆ: ಆರು ತಿಂಗಳಾಗುವ ತನಕ ಯಾವ ಮರಿಗೂ ಹೆಸರಿಲ್ಲ. ಹೆಸರು ಬಿದ್ದ ಮೇಲೆ ಅದು ಪಾತ್ರೆಗಲ್ಲ. ಸದ್ಯ ಹಿತ್ತಲಲ್ಲಿ ಹೆಸರಿಲ್ಲದ ಎರಡು ಮರಿಗಳಿವೆ. ಅವುಗಳಲ್ಲಿ ಒಂದನ್ನು ಮಗಳು ಗುಟ್ಟಾಗಿ ಏನೋ ಕರೆಯುವುದು ನನ್ನ ಕಿವಿಗೆ ಬಿದ್ದಿದೆ. ಕೇಳದವಳಂತೆ ಇದ್ದೇನೆ.

ರೇಶ್ಮಿಯ ಪರಿಚಯ ಇನ್ನೂ ಆಗಿಲ್ಲ. ಅವಳು ಈಗ ನಮ್ಮ ಹಿತ್ತಲಲ್ಲಿ ಇಲ್ಲ. ಏಕಿಲ್ಲ ಎಂದು ಹೇಳಲೆಂದೇ ಈ ಬರಹಕ್ಕೆ ಕೈಹಾಕಿದೆ, ಇಷ್ಟು ಹೊತ್ತು ಉಳಿದವರ ಸುದ್ದಿ ಹೇಳುತ್ತಾ ಮುಂದೂಡಿದೆ.

ರೇಶ್ಮಿ ‘ಸಿಲ್ಕಿ’ ಎಂಬ ಜಾತಿಯವಳು. ಅವಳ ಪುಕ್ಕ ಪುಕ್ಕವೇ ಅಲ್ಲ, ಬೆಕ್ಕಿನ ಮರಿಯ ಕೂದಲು. ಹೊರಗೆ ಹಾಲುಬಿಳುಪು, ಕೂದಲು ಸರಿಸಿ ನೋಡಿದರೆ ಚರ್ಮ ಕಡುಕಪ್ಪು. ಬೇರೆ ಕೋಳಿಗಳಿಗೆ ನಾಲ್ಕು ಬೆರಳಾದರೆ ಇವಳಿಗೆ ಐದು. ಹಾರಲು ಬರುವುದಿಲ್ಲ. ಆದರೆ ಕಾವು ಕೂರುವುದರಲ್ಲಿ ಇವಳನ್ನು ಮೀರಿಸುವವರಿಲ್ಲ. ತತ್ತಿ ತನ್ನದೇ ಆಗಬೇಕೆಂದಿಲ್ಲ. ಬೇಗಂಳದ್ದಿರಲಿ, ಹೊಳೆಬಾಯಿಯದ್ದಿರಲಿ, ಒಮ್ಮೆ ನೋಡಿದರೆ ಒಂದು ಉಳ್ಳಾಗಡ್ಡಿಯ ಮೇಲೂ ಕುಳಿತಿದ್ದಳು. 21 ದಿನ ಕಾಳಿಗೂ ನೀರಿಗೂ ದಿನಕ್ಕೊಮ್ಮೆ ಮಾತ್ರ ಎದ್ದು ಮತ್ತೆ ಹೋಗಿ ಕೂರುವಳು. ಮಗಳಿಗೆ ಎಲ್ಲರಿಗಿಂತ ಅಚ್ಚುಮೆಚ್ಚು ಇವಳೇ. ಪರೀಕ್ಷೆಗೆ ಓದುವಾಗ ತೊಡೆಯ ಮೇಲೆ ರೇಶ್ಮಿ ಇರಲೇಬೇಕು.

2023ರ ಡಿಸೆಂಬರ್. ಸವದತ್ತಿಯಲ್ಲಿ ಒಂದು ನಿಕಾಹ್ ಮುಗಿಸಿ ಮರಳುವಾಗ ರಸ್ತೆ ಬದಿಯಲ್ಲಿ ಒಬ್ಬರು ಬುಟ್ಟಿಯಲ್ಲಿ ಕೋಳಿ ಮಾರುತ್ತಿದ್ದರು. ಅದರಲ್ಲಿ ಬಂಗಾರ ಬಣ್ಣದ ಒಂದು ಪುಟ್ಟ ಹೇಂಟೆ ಇತ್ತು, ಪ್ರತಿ ಗರಿಯ ಅಂಚಿಗೂ ಕಾಡಿಗೆ ಎಳೆದಂತೆ ಕಪ್ಪು ಗೆರೆ. ನನಗೇ ಆಸೆಯಾಯಿತು, ಮಕ್ಕಳ ಮೇಲೆ ಹಾಕುವುದಿಲ್ಲ. ಅದು ಸ್ವಲ್ಪ ಮಂಕಾಗಿ ಕುಳಿತಿತ್ತು. ಬಿಸಿಲಿಗೆ ಹಾಗಾಗಿರಬೇಕು ಅಂದುಕೊಂಡೆ. ಹೊಸ ಕೋಳಿಯನ್ನು ಎರಡು ಮೂರು ವಾರವಾದರೂ ಬೇರೆ ಇಡಬೇಕು ಎಂದು ತಂಗಿಯ ಗಂಡ ಮೊದಲೇ ಹೇಳಿದ್ದರು. ಮನೆ ಮುಟ್ಟಿದಾಗ ಇಶಾ ಆಗಿತ್ತು, ಮೈಯೆಲ್ಲ ದಣಿದಿತ್ತು. ಬೇರೆ ಬುಟ್ಟಿ ಹುಡುಕುವುದು ಯಾರು? ದರಬಾದ ಬಾಗಿಲು ತೆಗೆದು ಒಳಗೆ ಬಿಟ್ಟೆ. ಮಕ್ಕಳು ಬೆಳಿಗ್ಗೆ ಅವಳಿಗೆ ಮೆಹಮಾನ್ ಎಂದು ಹೆಸರಿಟ್ಟರು. ಆರು ತಿಂಗಳ ಕಾನೂನನ್ನು ಆಗ ಅವರೂ ಮುರಿದರು.

ಮೂರನೆಯ ದಿನ ಮೆಹಮಾನ್ ಬಾಯಿ ತೆರೆದು ಉಸಿರಾಡತೊಡಗಿದಳು. ಹಸಿರು ಭೇದಿ. ನಾಲ್ಕನೆಯ ದಿನ ಸತ್ತಳು. ಶಾಲೆಗೆ ಹೊತ್ತಾಗಿತ್ತು. ಹೂಳಲು ಗುಂಡಿ ತೋಡುವಷ್ಟು ಸಮಯ ಇಲ್ಲವೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಿಂದಿನ ತಿಪ್ಪೆಗೆ ಎಸೆದೆ. ದರಬಾದ ಕಸವನ್ನೂ ಗುಡಿಸಿ ಅಲ್ಲಿಗೇ ಸುರಿದೆ. ವಾರದೊಳಗೆ ಕಾಜಲ್ ಕತ್ತು ತಿರುಚಿಕೊಂಡು ಬಿದ್ದಳು, ಆಮೇಲೆ ಮೋತಿ, ಆಮೇಲೆ ಬಾದಾಮಿ. ಈ ಮೂವರ ಪರಿಚಯವನ್ನು ನಿಮಗೆ ಮಾಡಿಕೊಡಲಾರೆ, ಕ್ಷಮಿಸಿ. ಬಾದಾಮಿ ಮಗನ ಕೈಯಲ್ಲೇ ಹೋದಳು. ಹನ್ನೊಂದು ವರ್ಷದ ಹುಡುಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್‌ನ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನು ಆಡುತ್ತಿದ್ದ ಪುಟ್ಟ ಹಕ್ಕಿ ಸತ್ತು ಅವನು ಸಪ್ಪಗಿದ್ದಾಗ ಪ್ರವಾದಿವರ್ಯರು(ಸ) ಅವನ ಹಕ್ಕಿಯ ಹೆಸರೆತ್ತಿ ಅವನನ್ನು ಮಾತನಾಡಿಸಿದರು. ಒಂದು ಸಮುದಾಯದ ಹೊಣೆ ಹೊತ್ತವರಿಗೆ ಒಂದು ಮಗುವಿನ ಗುಬ್ಬಿಯಂಥ ಹಕ್ಕಿಯ ದುಃಖ ಚಿಕ್ಕದೆನಿಸಲಿಲ್ಲ. ನಾನು ಮಗನ ಪಕ್ಕ ಕುಳಿತು ಅದೇ ಕಥೆ ತೆಗೆದೆ. ಅವನೆಂದ: “ಅಮ್ಮೀ, ಆ ಹಕ್ಕೀನ ಯಾರೂ ಕೊಂದಿರಲಿಲ್ಲ.”

ಪಶು ಆಸ್ಪತ್ರೆಯ ಡಾಕ್ಟರ್ ಕೇಳುತ್ತಲೇ ಹೇಳಿದರು, ಇದು ರಾಣಿಖೇತ್ ರೋಗ. ಇಂಗ್ಲೆಂಡಿನ ನ್ಯೂಕಾಸಲ್ ಊರಿನಲ್ಲಿ 1926ರಲ್ಲಿ ಗುರುತಿಸಿದ ರೋಗವೇ ಇದು. ಮರುವರ್ಷ ನಮ್ಮ ದೇಶದ ರಾಣಿಖೇತದಲ್ಲಿ ಕಂಡದ್ದರಿಂದ ಇಲ್ಲಿ ಆ ಹೆಸರು. ಬಂದ ಮೇಲೆ ಔಷಧಿ ಇಲ್ಲ, ಬರುವ ಮೊದಲು ಲಸಿಕೆ ಇದೆ. ರೋಗದ ಕೋಳಿಯ ಹಿಕ್ಕೆಯಿಂದ, ನೀರಿನ ಪಾತ್ರೆಯಿಂದ, ನಮ್ಮ ಚಪ್ಪಲಿ ಕೈಗಳಿಂದಲೂ ಹರಡುತ್ತದೆ. ಸತ್ತ ಕೋಳಿಯನ್ನು ಆಳವಾಗಿ ಹೂತು ಸುಣ್ಣ ಹಾಕಬೇಕು ಎಂದು ಅವರು ಹೇಳುವಾಗ ನನ್ನ ಕಣ್ಣಮುಂದೆ ತಿಪ್ಪೆ ಬಂತು.

ಆ ತಿಪ್ಪೆಯಲ್ಲಿ ಕೆದಕುವುದು ನಮ್ಮ ಕೋಳಿಗಳಷ್ಟೇ ಅಲ್ಲ. ಹಿಂದಿನ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ. ಗಂಡ ಇಲ್ಲ, ಮಗ ಹಮಾಲಿ. ಆಯಿಯ ಎಲೆ ಅಡಿಕೆ, ಗುಳಿಗೆ, ಮೊಮ್ಮಕ್ಕಳ ಬಿಸ್ಕೀಟು ಎಲ್ಲ ಐದು ಜವಾರಿ ಕೋಳಿಗಳ ತತ್ತಿಯಿಂದ. ಒಂದು ತತ್ತಿ 15 ರೂಪಾಯಿಗೆ ಅಂಗಡಿಯವರು ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಆಸ್ಪತ್ರೆಯಿಂದ ಬಂದ ಸಂಜೆಯೇ ಸುದ್ದಿ ಗೊತ್ತಾಯಿತು: ಆಯಿಯ ಐದೂ ಕೋಳಿ ಸತ್ತಿವೆ.

ನಾನು ಸುಮ್ಮನಿದ್ದೆ ಸಹೋದರಿಯರೇ. ಇದನ್ನು ಬರೆಯುವುದು ಸುಲಭವಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಚಳಿಗಾಲದಲ್ಲಿ ಕೋಳಿ ಸಾಯುವುದು ನಮ್ಮ ಕಡೆ ಹೊಸತಲ್ಲ, ನನ್ನಿಂದಲೇ ಬಂತೆಂದು ಹೇಗೆ ಹೇಳುವುದು, ಬೇರೆಲ್ಲಿಂದಲೋ ಬಂದಿರಬಹುದು. ಹೀಗೆ ಒಳಗೇ ವಾದ ಹೂಡುತ್ತಿದ್ದೆ. ನಮಾಝು, ಉಪವಾಸಗಳ ರಾಶಿಯೊಡನೆ ಬಂದರೂ ಜನರ ಹಕ್ಕು ತಿಂದದ್ದರಿಂದ ಕಿಯಾಮತ್‌ನ ದಿನ ಬರಿಗೈಯಾಗಿ ನಿಲ್ಲುವ ದಿವಾಳಿಕೋರನ ಹದೀಸನ್ನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿರುವವಳು ನಾನು. ಪಾಠ ಬಾಯಲ್ಲಿತ್ತು, ಕಾಲು ಆಯಿಯ ಮನೆಯ ಕಡೆ ಏಳಲಿಲ್ಲ.

ಹತ್ತನೆಯ ದಿನ ನಳದ ಹತ್ತಿರ ಆಯಿಯ ಸೊಸೆ ಕೊಡ ಹಿಡಿದು ಅಳುತ್ತಾ ನಿಂತಿದ್ದಳು. ಮದುವೆಯಾಗಿ ಬಂದು ಆರು ತಿಂಗಳಾದ ಹುಡುಗಿ. ಕೇಳಿದರೆ ಹೇಳಿದಳು: “ನಾ ಬಂದ ಕಾಲಗುಣ ಅಂತರೀ ಅಕ್ಕಾರ. ನನ್ನ ಕಣ್ಣ ಬಿದ್ದ ಕೋಳಿ ಸತ್ತೂ ಅಂತ ದಿನಾ ಬೈತಾರ. ಇವರೂ ಅವ್ವನ ಮಾತ ಕೇಳಿ ನನ್ನ ಕೂಡ ಮಾತ ಬಿಟ್ಟಾರ.”

ಕೊಡ ಅಲ್ಲೇ ಬಿಟ್ಟು ಆಯಿಯ ಮನೆಗೆ ಹೋದೆ. ಯೋಚಿಸಿದ್ದರೆ ಮತ್ತೆ ಹೋಗುತ್ತಿರಲಿಲ್ಲ. ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಸವದತ್ತಿಯ ಕೋಳಿ, ತಿಪ್ಪೆ, ಡಾಕ್ಟರ್ ಹೇಳಿದ್ದು, ಒಂಬತ್ತು ದಿನ, ಎಲ್ಲ ಹೇಳಿದೆ. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆಯಿ ಮರ ಕೆಳಗಿಟ್ಟರು, ಒಂದು ಮಾತೂ ಆಡಲಿಲ್ಲ. ಸಂಜೆ ನಮ್ಮ ಮನೆಯವರೊಡನೆ ಮತ್ತೆ ಹೋಗಿ 2,500 ರೂಪಾಯಿ ಮುಂದಿಟ್ಟೆವು. ಆಗ ಬಾಯಿ ಬಿಟ್ಟರು: “ರೊಕ್ಕ ಏನ ತತ್ತಿ ಇಡತೈತೇನ್ರಿ ಅಕ್ಕಾರ? ತಗೊಂಡ ಹೋಗ್ರಿ.”

ಆಮೇಲೆ ಹದಿನೈದು ದಿನ ಮಾತಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಅವರ ಸಿಟ್ಟು ಅವರ ಹಕ್ಕು. ಆದರೆ ಸೊಸೆಯನ್ನು ಬಯ್ಯುವ ದನಿ ಮಾತ್ರ ಅಂದಿನಿಂದ ಕೇಳಲಿಲ್ಲ.

ಅಷ್ಟರಲ್ಲಿ ನಾನು ಲಸಿಕೆಯ ಬೆನ್ನು ಹತ್ತಿದೆ. ಮೊದಲೇ ಏಕೆ ಹಾಕಿಸಿರಲಿಲ್ಲ ಎಂದರೆ ಅದಕ್ಕೂ ಒಂದು ಕಾರಣವಿತ್ತು. ಆ ಲಸಿಕೆಯ ಒಂದು ಸೀಸೆ ನೂರು ಅಥವಾ ಇನ್ನೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಇರುತ್ತದೆ. ಪುಡಿಗೆ ದ್ರವ ಬೆರೆಸಿದ ಮೇಲೆ ತಂಪಾಗಿಟ್ಟು ಒಂದೆರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಇಡಲಾಗದು. ಹತ್ತು ಕೋಳಿಯವರು ಒಂದು ಸೀಸೆ ಒಡೆಸುವುದು ದಂಡ ಎಂದು ನಾನೂ ಬಿಟ್ಟಿದ್ದೆ, ಎಲ್ಲರೂ ಬಿಟ್ಟಿದ್ದರು. ಹಾಗಾಗಿ ಮಗಳನ್ನು ಕರೆದುಕೊಂಡು ಒಂದು ಶುಕ್ರವಾರ ಮೂರು ಓಣಿ ತಿರುಗಿದೆ. ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಟ್ಟು 83 ಆಯಿತು. ಎದುರು ಮನೆಯ ಲಿಂಗಾಯತರ ಅಕ್ಕ ಕೋಳಿ ಸಾಕುವವರಲ್ಲ, ನಮ್ಮ ಕೋಳಿ ಅವರ ಮೆಂತ್ಯೆ ಮಡಿಗೆ ಹೋಗಿ ಅವರಿಂದ ಬೈಸಿಕೊಂಡದ್ದೂ ಉಂಟು. ಅವರೇ ಸೀಸೆ ಇಡಲು ಫ್ರಿಜ್ಜಿನಿಂದ ಐಸ್ ತಂದುಕೊಟ್ಟರು. ಆಸ್ಪತ್ರೆಯವರು ಒಂದು ಬೆಳಿಗ್ಗೆ ಬಂದರು. ಚಿಕ್ಕ ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೆ ಹನಿ, ಎಂಟು ವಾರ ದಾಟಿದವಕ್ಕೆ ಸೂಜಿ ಎಂದು ತಿಳಿಸಿಕೊಟ್ಟರು. ನಮ್ಮ ಅಂಗಳದಲ್ಲಿ ಅಂದು ಹೆಂಗಸರು, ಬುಟ್ಟಿಗಳು, ಕೂಗಾಟ, ಹಾರಿದ ಪುಕ್ಕ! ಗಡ್ಯಾಳ ನುಗ್ಗೆ ಗಿಡ ಹತ್ತಿದವನು ಮಧ್ಯಾಹ್ನದ ತನಕ ಇಳಿಯಲಿಲ್ಲ. ಅವನನ್ನು ಹಿಡಿಯುವುದರೊಳಗೆ ಸೀಸೆಯ ಹೊತ್ತು ಮೀರಿತು, ಅವನಿಗೆ ಮಾತ್ರ ಮುಂದಿನ ಸಲ ಹಾಕಿಸಬೇಕಾಯಿತು. ಈಗ ಹೊಸ ಮರಿಗಳಿದ್ದರೆ ಓಣಿಯವರು ತಾವೇ ಬಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತಾರೆ.

ಆ ಬೆಳಿಗ್ಗೆ ಆಯಿ ಕೋಳಿ ಇಲ್ಲದಿದ್ದರೂ ಬಂದು ಕಟ್ಟೆಯ ಮೇಲೆ ಕುಳಿತರು. ಎಲ್ಲ ಮುಗಿದು ಜನ ಹೋದ ಮೇಲೆ ನನ್ನನ್ನು ಕರೆದು, ಮುಖ ನೋಡದೆ ಕೇಳಿದರು: “ಆ ಬೆಕ್ಕಿನಂತಾ ಕೋಳಿ ಐತೆಲ್ಲಾ, ಅದು ಕಾವ ಛಲೋ ಕೂಡತೈತಿ ಅಂತಲ್ಲಾ. ಅದನ್ನ ಕೊಡ್ರಿ. ನನ್ನ ತಂಗಿ ಕಡೆಯಿಂದ ಜವಾರಿ ತತ್ತಿ ತರಸ್ತೀನಿ.”

ಯಾವ ಕೋಳಿ ಕೇಳಿದರೂ ಕೊಡುತ್ತಿದ್ದೆ. ರೇಶ್ಮಿಯನ್ನು ಕೊಡಲು ಮಾತ್ರ ಅದು ನನ್ನದಲ್ಲ. “ಮಗಳನ್ನು ಕೇಳಿ ಹೇಳುತ್ತೇನೆ ಆಯಿ” ಎಂದೆ. ಮಗಳು ಬಾಗಿಲ ಹಿಂದೆಯೇ ಇದ್ದಳು. ಅವಳಿಗೆ ನಾನು ಏನನ್ನೂ ಹೇಳಲಿಲ್ಲ, ಅಲ್ಲಾಹನಾಣೆ, ಕಣ್ಣಿನಿಂದಲೂ ಹೇಳಲಿಲ್ಲ. ತಪ್ಪು ನನ್ನದು, ಬೆಲೆ ಅವಳು ಕೊಡಬೇಕೆಂದು ಯಾವ ಬಾಯಿಂದ ಹೇಳಲಿ? ಎರಡು ದಿನ ಅವಳು ರೇಶ್ಮಿಯನ್ನು ತೊಡೆಯಿಂದ ಇಳಿಸಲಿಲ್ಲ. ಮೂರನೆಯ ದಿನ ಅಸರ್ ಆದ ಮೇಲೆ ನೋಡಿದರೆ ತೊಡೆ ಖಾಲಿ ಇತ್ತು. ಕೇಳಿದೆ. “ಬುಟ್ಟಿನೂ ಅಲ್ಲೇ ಬಿಟ್ಟು ಬಂದೆ, ಅವರ ಹತ್ರ ಚಲೋ ಬುಟ್ಟಿ ಇಲ್ಲ” ಎಂದಳು. ಆ ರಾತ್ರಿ ಊಟ ಬೇಡವೆಂದಳು, ನಾನೂ ಒತ್ತಾಯಿಸಲಿಲ್ಲ.

ಏಳು ತತ್ತಿ ಇಟ್ಟಿದ್ದರು. ಆರು ಒಡೆದು ಮರಿಯಾದವು. ಒಂದನ್ನು ಹದ್ದು ಒಯ್ಯಿತು, ಒಂದು ಬೆಕ್ಕಿಗಾಯಿತು. ಉಳಿದ ನಾಲ್ಕರಲ್ಲಿ ಎರಡು ಹುಂಜವಾಗಿ ಬೆಳೆದವೆಂದು ಆಯಿ ಗೊಣಗಿದರು, ನನ್ನದೇ ತಪ್ಪೆಂಬಂತೆ. ನಾನು ಒಪ್ಪಿಕೊಂಡೆ. ತಿಂಗಳುಗಟ್ಟಲೆ ತನಗಿಂತ ಎತ್ತರ ಬೆಳೆದ ಜವಾರಿ ಮಕ್ಕಳನ್ನು ಹಿಂದಿಟ್ಟುಕೊಂಡು ರೇಶ್ಮಿ ಓಣಿಯಲ್ಲಿ ನಡೆಯುತ್ತಿದ್ದರೆ ನೋಡಿದವರು ನಗುತ್ತಿದ್ದರು. ಅವಳನ್ನು ವಾಪಸು ಕೇಳುವ ಮಾತು ನಾವು ಎತ್ತಲಿಲ್ಲ, ಕೊಡುವ ಮಾತು ಆಯಿ ಎತ್ತಲಿಲ್ಲ. ಕಳೆದ ವರ್ಷ ಆಯಿಯ ಸೊಸೆ ಬಾಣಂತಿಯಾದಾಗ ಆ ಕೋಳಿಗಳ ತತ್ತಿ ಮಾರಾಟಕ್ಕೆ ಹೋಗಲಿಲ್ಲ, ಎಲ್ಲವೂ ಸೊಸೆಯ ತಟ್ಟೆಗೇ ಹೋದವು.

ಮಗಳು ಈಗ ಪಿಯುಸಿ. ಕಾಲೇಜಿನಿಂದ ಬಂದವಳು ಚೀಲ ಇಟ್ಟು ಮೊದಲು ಹಿಂದಿನ ಓಣಿಗೆ ಹೋಗುತ್ತಾಳೆ. ಅಲ್ಲಿ ರೇಶ್ಮಿಗೆ ಈಗ ರೇಶ್ಮವ್ವ ಎಂದು ಹೆಸರು. ಇವಳು ‘ರೇಶ್ಮೀ’ ಎಂದು ಕರೆದರೂ ಬರುತ್ತಾಳೆ, ಆಯಿ ‘ಬಾರಬೇ ರೇಶ್ಮವ್ವಾ’ ಎಂದರೂ ಬರುತ್ತಾಳೆ. ಇಬ್ಬರೂ ಒಟ್ಟಿಗೆ ಕರೆದರೆ ಯಾರ ಕೈಯಲ್ಲಿ ಕಾಳು ಇದೆಯೋ ಅತ್ತ.